‘ನಾಗರಿಕ’ ಮತ್ತು ‘ವ್ಯಕ್ತಿ’: ಎರಡು ಪದಗಳ ನಡುವಣ ಬದುಕು

ಹೊಸೂರಿನಿಂದ ಹೊರಟ ಬಸ್ಸು ಜೂಜುವಾಡಿಯನ್ನು ದಾಟಿ ಅತ್ತಿಬೆಲೆ ಸೇರುವಷ್ಟರಲ್ಲಿ ರಾಜ್ಯವೇ ಬದಲಾಗಿರುತ್ತದೆ. ಆದರೆ ಪ್ರಯಾಣಿಕನನ್ನು ‘ನೀನು ಯಾವ ದೇಶದವನು?’ ಎಂದು ಯಾರೂ ಕೇಳುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಇದರಿಂದ ಇಲ್ಲಿನ ಕನ್ನಡಿಗರ ಭಾಷೆಗೆ ತೊಡಕುಗಳು ಬಂದಿರಬಹುದು. ಪೌರತ್ವಕ್ಕೆ ಮಾತ್ರ ಕುಂದು ಬರಲಿಲ್ಲ. ಭಾರತದಲ್ಲಿರುವುದು ಒಂದೇ ಪೌರತ್ವ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಾಗರಿಕರಿಗೆ ನೀಡಿದೆ.

ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಈ ಹಕ್ಕಿಲ್ಲದೆ ಬದುಕುತ್ತಿರುವ ಜನರೂ ಇದ್ದಾರೆ. 1983ರ ಜುಲೈ ತಿಂಗಳ ಹಿಂಸಾಚಾರದ ತರುವಾಯ ಶ್ರೀಲಂಕೆಯಿಂದ ಸಮುದ್ರ ದಾಟಿ ಬಂದ ತಮಿಳರಿಗಾಗಿ ತಮಿಳುನಾಡಿನ ಹಲವು ಜಿಲ್ಲೆಗಳಲ್ಲಿ ಶಿಬಿರಗಳನ್ನು ತೆರೆಯಲಾಯಿತು. ಅವುಗಳಲ್ಲಿ ಕೆಲವು ಈ ಜಿಲ್ಲೆಯಲ್ಲಿವೆ. ಜನರ ಮಾತಿನಲ್ಲಿ ಇವರು ‘ನಿರಾಶ್ರಿತರು’. ಆದರೆ ಭಾರತದಲ್ಲಿ ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನಿಲ್ಲ. 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಬಂದವರನ್ನೂ ಅನುಮತಿಯ ಅವಧಿ ಮೀರಿ ಉಳಿದವರನ್ನೂ ಪೌರತ್ವ ಕಾಯಿದೆ ‘ಅಕ್ರಮ ವಲಸಿಗ’ ಎಂಬ ಒಂದೇ ಪದದಿಂದ ಗುರುತಿಸುತ್ತದೆ. ಜೀವ ಉಳಿಸಿಕೊಳ್ಳಲು ದೋಣಿ ಹತ್ತಿದವನಿಗೂ ಅದೇ ಹೆಸರು.

ಈ ಹೆಸರು ತರುವ ಮೊದಲ ಅಪಾಯ ಶಿಕ್ಷೆಯದು. 2025ರ ವಲಸೆ ಮತ್ತು ವಿದೇಶಿಯರ ಕಾಯಿದೆಯಂತೆ, ಸಮರ್ಪಕ ದಾಖಲೆಗಳಿಲ್ಲದೆ ದೇಶವನ್ನು ಪ್ರವೇಶಿಸಿದವರಿಗೆ ಐದು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ತಾನು ವಿದೇಶಿಯನಲ್ಲವೆಂದು ರುಜುವಾತುಪಡಿಸುವ ಹೊಣೆ ಆರೋಪಕ್ಕೆ ಗುರಿಯಾದವನದೇ. 2015ರ ಜನವರಿ 9ರೊಳಗೆ ಬಂದು ನೋಂದಾಯಿತರಾದ ಶ್ರೀಲಂಕಾ ತಮಿಳರನ್ನು ಕೇಂದ್ರ ಸರ್ಕಾರ 2025ರ ಆದೇಶವೊಂದರಿಂದ ಈ ಶಿಕ್ಷೆಯಿಂದ ಹೊರಗಿರಿಸಿದೆ. ಇದು ದೊಡ್ಡ ನೆಮ್ಮದಿಯೇ. ಆದರೆ ಶಿಕ್ಷೆಯಿಂದ ವಿನಾಯಿತಿ ದೊರೆತ ಮಾತ್ರಕ್ಕೆ ಪೌರತ್ವ ದೊರೆಯದು. ನಿವಾಸದ ಆಧಾರದ ಮೇಲೆ ಪೌರತ್ವ ಕೋರಲು ‘ಅಕ್ರಮ ವಲಸಿಗ’ನಿಗೆ ಅರ್ಹತೆಯಿಲ್ಲ; ನಲವತ್ತು ವರ್ಷ ಇಲ್ಲಿಯೇ ಕಳೆದಿದ್ದರೂ ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಅಪಾಯ ದಿನನಿತ್ಯದ್ದು. ತಮಿಳುನಾಡು ಸರ್ಕಾರ ಶಿಬಿರವಾಸಿಗಳಿಗೆ ಮಾಸಿಕ ನೆರವು, ಅಕ್ಕಿ ಮತ್ತು ಶಿಕ್ಷಣವನ್ನು ಒದಗಿಸುತ್ತಿದೆ. 2021ರಲ್ಲಿ ‘ನಿರಾಶ್ರಿತರ ಶಿಬಿರ’ ಎಂಬ ಹೆಸರನ್ನು ‘ಪುನರ್ವಸತಿ ಶಿಬಿರ’ ಎಂದು ಬದಲಿಸಲಾಯಿತು. ಆದರೂ ತಪಾಸಣೆಯ ದಿನ ಅಲ್ಲಿ ಹಾಜರಿರಬೇಕು. ದೂರ ಹೋಗಬೇಕಾದರೆ ಅನುಮತಿ ಬೇಕು. ಮಗಳು ಪದವಿ ಪಡೆದರೂ ಸರ್ಕಾರಿ ನೌಕರಿಯ ಬಾಗಿಲು ತೆರೆಯದು. ಶಿಬಿರದ ಹೊರಗೆ ಯಾವ ನೋಂದಣಿಯೂ ಇಲ್ಲದೆ ಬದುಕುವವರ ಸ್ಥಿತಿ ಇನ್ನೂ ಕಠಿಣ. ಕೂಲಿ ಕೊಡದೆ ವಂಚಿಸಿದ ಗುತ್ತಿಗೆದಾರನ ಮೇಲೆ ದೂರು ಕೊಡಲು ಹೋದವನು ತಾನೇ ಸಿಕ್ಕಿಬೀಳಬಹುದು. ವಂಚಿಸುವವನಿಗೂ ಇದು ಗೊತ್ತು. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಕನ್ನಡಿಗನ ವೀಸಾ ಅವಧಿ ಮುಗಿದು, ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ ಉಳಿದರೆ ಅವನ ಪಾಡೂ ಇದೇ. ಇಂತಹವರು ದಂಡ ತೆರದೆ ಊರಿಗೆ ಮರಳಲು ಅಥವಾ ಸ್ಥಿತಿಯನ್ನು ಸರಿಪಡಿಸಿಕೊಳ್ಳಲು ಸಂಯುಕ್ತ ಅರಬ್ ಸಂಸ್ಥಾನವು 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಕ್ಷಮಾದಾನದ ಅವಕಾಶ ನೀಡಿತ್ತು.

ಮೂರನೆಯ ಅಪಾಯ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಅಂದಿನಿಂದೀಚೆಗೆ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಕೂಡದು ಎಂಬ ನಿಬಂಧನೆಯೂ ಸೇರಿತು. 1986ರಲ್ಲಿ ಮಂಡಪಂ ಶಿಬಿರದಲ್ಲಿ ಹುಟ್ಟಿದ ಮಹಿಳೆಯೊಬ್ಬರಿಗೆ ಭಾರತೀಯ ಪಾಸ್‌ಪೋರ್ಟ್ ನೀಡುವಂತೆ ಮದ್ರಾಸ್ ಉಚ್ಚ ನ್ಯಾಯಾಲಯದ ಮಧುರೈ ಪೀಠ 2022ರಲ್ಲಿ ಆದೇಶಿಸಿತು. ಅದೇ ಶಿಬಿರದಲ್ಲಿ ಅಂತಹುದೇ ತಂದೆತಾಯಿಗಳಿಗೆ 1988ರಲ್ಲಿ ಹುಟ್ಟಿದ ಮಗುವಿಗೆ ಆ ತೀರ್ಪಿನ ಆಸರೆ ಇಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಯು ಹೆಸರಿಸಿದ ಮೂರು ದೇಶಗಳಲ್ಲಿ ಶ್ರೀಲಂಕೆ ಸೇರಿಲ್ಲ.

ಹಾಗಾದರೆ ಇವರಿಗೆ ಸಂವಿಧಾನದಲ್ಲಿ ನೆಲೆಯೇ ಇಲ್ಲವೇ? ಇದೆ, ಅದು ಒಂದು ಪದದಲ್ಲಿದೆ. 19ನೆಯ ವಿಧಿ ‘ನಾಗರಿಕ’ನನ್ನು ಕುರಿತು ಮಾತನಾಡಿದರೆ, ಸಮಾನತೆಯ 14ನೆಯ ವಿಧಿ ಮತ್ತು ಜೀವರಕ್ಷಣೆಯ 21ನೆಯ ವಿಧಿ ‘ವ್ಯಕ್ತಿ’ಯನ್ನು ಕುರಿತು ಮಾತನಾಡುತ್ತವೆ. ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ, ನಾಗರಿಕರಲ್ಲದವರ ಜೀವವನ್ನೂ ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ಹೇಳಿತು.

ಪದಗಳ ಅರ್ಥಚ್ಛಾಯೆಗಳನ್ನು ಅಭ್ಯಸಿಸುವ ಸಾಹಿತ್ಯದ ವಿದ್ಯಾರ್ಥಿಗೆ ಇದು ಪರಿಚಿತವಾದ ಪಾಠವೇ. ‘ನಿರಾಶ್ರಿತ’, ‘ವಲಸಿಗ’, ‘ಅಕ್ರಮ ವಲಸಿಗ’ ಎಂಬ ಪದಗಳನ್ನು ಪತ್ರಿಕೆಗಳೂ ಭಾಷಣಗಳೂ ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತವೆ. ಆ ಪದಗಳಲ್ಲಿ ಯಾವುದು ತನಗೆ ಅಂಟುತ್ತದೆ ಎಂಬುದರ ಮೇಲೆಯೇ ಶಿಬಿರದಲ್ಲಿ ಹುಟ್ಟಿದ ಮಗುವಿನ ಓದು, ದುಡಿಮೆ ಮತ್ತು ಮನೆ ನಿಂತಿವೆ.