ಕಾಗದ ತಲುಪಿಸುವವನೇ ಕಾಗದ ಬರೆದರೆ?

ರಾತ್ರಿ ಒಂಬತ್ತಾಯ್ತು ಅಂದ್ರೆ ನಮ್ಮ ಮನೆ ಇಂಟರ್ನೆಟ್ ಏದುಸಿರು ಬಿಡೋಕೆ ಶುರು ಮಾಡುತ್ತೆ. ಕೇಬಲ್ ಹುಡುಗನಿಗೆ ಫೋನ್ ಮಾಡಿದ್ರೆ "ಲೋಡ್ ಜಾಸ್ತಿ ಸಾರ್" ಅಂತಾನೆ. ಕೋಪ ಬರುತ್ತೆ ನಿಜ. ಆದ್ರೆ ಆತ ಏನಾಗ್ತಿದೆ ಅಂತಾದ್ರೂ ಹೇಳ್ತಾನೆ. ಅಮೆರಿಕದ ಕೇಬಲ್ ದೈತ್ಯ ಕಾಮ್‌ಕಾಸ್ಟ್ 2007ರಲ್ಲಿ ಅಷ್ಟನ್ನೂ ಹೇಳಲಿಲ್ಲ.

ಆಗ ಬಿಟ್‌ಟೊರೆಂಟ್ ಹವಾ. ಸಾಮಾನ್ಯವಾಗಿ ಒಂದು ಸರ್ವರ್ ಎಲ್ಲರಿಗೂ ಫೈಲ್ ಕೊಡುತ್ತೆ, ಮದುವೆ ಮನೆಯಲ್ಲಿ ಭಟ್ಟರು ಪಂಕ್ತಿಗೆಲ್ಲ ಬಡಿಸಿದ ಹಾಗೆ. ಬಿಟ್‌ಟೊರೆಂಟ್‌ನಲ್ಲಿ ಊಟಕ್ಕೆ ಬಂದವರೇ ಒಬ್ಬರಿಗೊಬ್ಬರು ಬಡಿಸುತ್ತಾರೆ. ನೀವು ಸಿನಿಮಾ ಇಳಿಸಿಕೊಳ್ಳುವಾಗಲೇ ಅದರ ತುಣುಕುಗಳು ನಿಮ್ಮ ಕಂಪ್ಯೂಟರಿನಿಂದ ಬೇರೆಯವರಿಗೆ ಹೋಗ್ತಾ ಇರುತ್ತವೆ. ಕೇಬಲ್ ಜಾಲದಲ್ಲಿ ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ಅದನ್ನೂ ಅಕ್ಕಪಕ್ಕದ ಮನೆಗಳೆಲ್ಲ ಹಂಚಿಕೊಳ್ಳಬೇಕು. ಒಂದು ಮನೆಯವರು ಹಗಲೂರಾತ್ರಿ ಕಳಿಸುತ್ತಾ ಕೂತರೆ ಪಕ್ಕದ ಮನೆಯವರ ಫೋನ್ ಕರೆ ತುಂಡಾಗುತ್ತೆ. ಹಾಗಾಗಿ ಕಂಪನಿಯ ಕಷ್ಟ ಸುಳ್ಳಲ್ಲ, ಒಪ್ಪೋಣ.

ಮಾಡಿದ ಕೆಲಸ ನೋಡಿ. ರಾಬ್ ಟೊಪೊಲ್‌ಸ್ಕಿ ಎಂಬ ನೆಟ್‌ವರ್ಕ್ ಎಂಜಿನಿಯರ್ ಹಳೇ ಹಾಡುಗಳನ್ನು ಹಂಚಲು ಹೋದರೆ ಸಂಪರ್ಕ ಕಡಿದು ಹೋಗುತ್ತಿತ್ತು. ಕೆದಕಿದಾಗ ಸಿಕ್ಕಿದ್ದು 'ರೀಸೆಟ್' ಎಂಬ ಸಂದೇಶ. ಎರಡು ಕಂಪ್ಯೂಟರುಗಳ ಪೈಕಿ ಒಂದು 'ಮಾತು ಮುಗಿಸು' ಅಂತ ಇನ್ನೊಂದಕ್ಕೆ ಕಳಿಸುವ ಸಂದೇಶ ಅದು. ಇಲ್ಲಿ ಎರಡೂ ಕಳಿಸಿರಲಿಲ್ಲ! ನಡುವೆ ಕೂತ ಕಂಪನಿಯ ಯಂತ್ರ ಅವುಗಳ ಹೆಸರಲ್ಲಿ ಕಳಿಸಿತ್ತು. ಪೋಸ್ಟ್‌ಮ್ಯಾನ್ ನಿಮ್ಮ ಕೈಬರಹದಲ್ಲೇ "ಇನ್ನು ನನಗೆ ಬರೆಯಬೇಡ" ಅಂತ ನಿಮ್ಮ ಗೆಳೆಯನಿಗೆ ಕಾಗದ ಹಾಕಿದರೆ ಹೇಗಿರುತ್ತೆ ಹೇಳಿ?

ಆ ಅಕ್ಟೋಬರಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಬೈಬಲ್ ಹಂಚಿ ಪರೀಕ್ಷಿಸಿತು. ಅದಕ್ಕೂ ಕತ್ತರಿ. ನಾವು ತಡೆಯುತ್ತಿಲ್ಲ, ಸ್ವಲ್ಪ ತಡ ಮಾಡ್ತೀವಿ ಅಷ್ಟೆ ಅಂತ ಕಂಪನಿಯ ಸಮಜಾಯಿಷಿ. 2008ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ ಸಾಲಿನಲ್ಲಿ ಜಾಗ ಹಿಡಿಯಲು ದುಡ್ಡು ಕೊಟ್ಟು ಜನರನ್ನು ನಿಲ್ಲಿಸಿದ್ದನ್ನೂ ಕಂಪನಿ ಒಪ್ಪಿಕೊಂಡಿತು. ನಮ್ಮ ಸಮಾವೇಶಗಳ ಬಿರಿಯಾನಿ ಪೊಟ್ಟಣ ನೆನಪಾಯ್ತು ನನಗೆ.

ಆಗಸ್ಟಿನಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 3-2 ಮತಗಳಿಂದ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ದಟ್ಟಣೆ ಇಲ್ಲದ ಹೊತ್ತಿನಲ್ಲೂ ಕಡಿದಿದ್ದೀರಿ, ಕಮ್ಮಿ ಬಳಸುವವರನ್ನೂ ಬಿಟ್ಟಿಲ್ಲ ಅನ್ನೋದು ಆರೋಪದ ತಿರುಳು. 2010ರಲ್ಲಿ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಕಂಪನಿ ಮಾಡಿದ್ದು ಸರಿ ಅಂತಲ್ಲ, ಆಯೋಗಕ್ಕೆ ಆ ಅಧಿಕಾರವನ್ನು ಕಾನೂನು ಕೊಟ್ಟಿಲ್ಲ ಅಂತ.

ಅಷ್ಟರಲ್ಲಿ ಕಂಪನಿಯೇ ದಾರಿ ಬದಲಿಸಿತ್ತು. ದಟ್ಟಣೆ ಆದಾಗ ಮಾತ್ರ, ಕಳೆದ ಕೆಲವು ನಿಮಿಷಗಳಲ್ಲಿ ಅತಿಯಾಗಿ ಬಳಸಿದವರನ್ನು ಸ್ವಲ್ಪ ಹೊತ್ತು ಸಾಲಿನ ಹಿಂದಕ್ಕೆ ಕಳಿಸೋದು. ಅವರು ನೋಡುತ್ತಿರುವುದು ಸಿನಿಮಾನೋ ಬೈಬಲ್ಲೋ, ಅದನ್ನು ಕೇಳುವಂತಿಲ್ಲ. ಹೀಗೂ ಆಗುತ್ತಿತ್ತಲ್ಲ ಸ್ವಾಮಿ, ಮೊದಲೇ ಮಾಡಬಾರದಿತ್ತೇ?

ನಮ್ಮ ಟ್ರಾಯ್ 2017ರ ನವೆಂಬರಿನಲ್ಲಿ ಕೊಟ್ಟ ಶಿಫಾರಸಿನಲ್ಲೂ ದಟ್ಟಣೆ ನಿರ್ವಹಣೆಗೆ ಅವಕಾಶ ಇದೆ. ಆದರೆ ಅದು ಹಿತಮಿತವಾಗಿರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ಮರುವರ್ಷ ಕೇಂದ್ರ ಸರ್ಕಾರವೂ ನೆಟ್ ನ್ಯೂಟ್ರಾಲಿಟಿಗೆ ಒಪ್ಪಿಗೆ ಕೊಟ್ಟಿತು. ಮುಂದಿನ ಸಲ "ಲೋಡ್ ಜಾಸ್ತಿ" ಅಂದಾಗ, ಯಾವ ಟೈಮಲ್ಲಿ, ಯಾರಿಗೆ, ಎಷ್ಟು ಕಡಿತ ಅಂತಲೂ ನಾನು ಕೇಳೋನೇ.