ದಾರಿಯಲ್ಲಿ ಸಿಗುವ ಗೆಳೆತನ

ಬೇಸಿಗೆ ರಜೆ ಬಂತೆಂದರೆ ಅಜ್ಜಿ ಮನೆ ಎನ್ನುವ ಕಾಲ ಹೋಯಿತು. ನಮ್ಮ ಪೋರೂರಿನ ಕನ್ನಡ ಮನೆಗಳ ಹುಡುಗ ಹುಡುಗಿಯರು ಈಗ ಬೆನ್ನಿಗೊಂದು ಚೀಲ ಬಿಗಿದು ಶ್ರೀಲಂಕಾ, ವಿಯೆಟ್ನಾಂ, ಜಾರ್ಜಿಯಾ ಎಂದು ಹೊರಟುಬಿಡುತ್ತಾರೆ. ವಿಮಾನ ನಿಲ್ದಾಣವೂ ಹತ್ತಿರವೇ ಇದೆಯಲ್ಲ! ಹಿಂತಿರುಗಿದವರಲ್ಲಿ ಕೆಲವರು, "ಬಸ್ಸಿನಲ್ಲಿ ಒಬ್ಬ ಫ್ರೆಂಡ್ ಸಿಕ್ಕಿದ, ಮುಂದಿನ ಊರಿಗೆ ಜೊತೆಯಾಗಿಯೇ ಹೋದೆವು" ಎನ್ನುತ್ತಾರೆ. ಇನ್ನು ಕೆಲವರದು ಬೇರೆಯೇ ಕಥೆ. "ಆಂಟಿ, ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿದ್ದೆವು. ಎಲ್ಲರೂ ಫೋನ್ ನೋಡುತ್ತಿದ್ದರು. ಹತ್ತು ದಿನ ಯಾರ ಹತ್ತಿರವೂ ಮಾತಾಡಲಿಲ್ಲ" ಎಂದಳು ಒಬ್ಬ ಹುಡುಗಿ. ಈ ಮಾತು ನನ್ನನ್ನು ಬಹಳ ದಿನ ಕಾಡಿತು.

ಹಾಗೆ ಅಪರಿಚಿತರು ಒಂದೇ ಸೂರಿನಡಿ ಮಲಗುವ ಯೂತ್ ಹಾಸ್ಟೆಲ್ ಹುಟ್ಟಿದ್ದೇ ಒಂದು ಮಳೆಯಿಂದ. ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮಾನ್ 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ಎಲ್ಲ ಊರಿನಲ್ಲೂ ಹೀಗೊಂದು ಜಾಗವಿದ್ದರೆ ಎಂದು ಆತನಿಗೆ ಹೊಳೆಯಿತು. 1912ರಲ್ಲಿ ಆಲ್ಟೇನಾ ಕೋಟೆಯಲ್ಲಿ ಮೊದಲ ಹಾಸ್ಟೆಲ್ ತೆರೆಯಿತು. ಆದರೆ ಹಾಸಿಗೆ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಗೆಳೆತನ ಬೆಳೆಯುವುದಿಲ್ಲ. ಹಾಗಾದರೆ ಮತ್ತೇನು ಬೇಕು?

ಇದಕ್ಕೆ ಉತ್ತರದಂತಿರುವ ಒಂದು ಪ್ರಸಂಗ ಶುರುವಾದದ್ದು ನಮ್ಮ ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1961ರಲ್ಲಿ ಅಲ್ಲಿ ಕುಳಿತಿದ್ದವರು ಇಬ್ಬರು: ರಾಜಸ್ಥಾನದ ಸತೀಶ್ ಕುಮಾರ್, ಕೇರಳ ಮೂಲದ ಇ. ಪಿ. ಮೆನನ್. ಸತೀಶ್ ಒಂಬತ್ತನೆಯ ವಯಸ್ಸಿಗೇ ಜೈನ ಮುನಿಯಾಗಿ, ಹದಿನೆಂಟಕ್ಕೆ ಅದನ್ನು ಬಿಟ್ಟು ವಿನೋಬಾ ಭಾವೆಯವರ ಬಳಗ ಸೇರಿದ್ದವರು. ಅಣುಬಾಂಬಿನ ವಿರುದ್ಧ ಪ್ರತಿಭಟಿಸಿದ್ದಕ್ಕೆ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದರೆಂದು ಪತ್ರಿಕೆಯಲ್ಲಿ ಓದಿದರು. ರಸೆಲ್‌ಗೆ ಆಗ 89 ವರ್ಷ. (ಬಿ.ಎ.ಯಲ್ಲಿ ನಾವು ರಸೆಲ್ ಪ್ರಬಂಧ ಓದಿ ನೋಟ್ಸ್ ಬರೆದು ಸುಮ್ಮನಾದೆವು!) ಇವರಿಬ್ಬರು ಮಾತ್ರ, ಆ ಮುದುಕ ಜೈಲಿಗೆ ಹೋಗಬಹುದಾದರೆ ನಾವು ನಡೆಯಲಾರೆವೇ ಎಂದು ಎದ್ದರು. ಬಾಂಬಿದ್ದ ನಾಲ್ಕು ರಾಜಧಾನಿಗಳಿಗೆ, ಅಂದರೆ ಮಾಸ್ಕೋ, ಪ್ಯಾರಿಸ್, ಲಂಡನ್ ಮತ್ತು ವಾಷಿಂಗ್ಟನ್‌ಗೆ ಸುಮಾರು 8,000 ಮೈಲಿಯ ಯಾತ್ರೆ. 1962ರ ಜೂನ್ 1ರಂದು ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟರು. ಸತೀಶರ ಮನೆಯಲ್ಲಿ ಎಳೆಯ ಮಗುವಿತ್ತು. ಹೆಂಗಸಾದ ನನಗೆ ಈ ಒಂದು ವಿಷಯ ಇಂದಿಗೂ ಅರಗುವುದಿಲ್ಲ, ಆ ತಾಯಿಯೂ ಒಂದು ದೀರ್ಘ ಯಾತ್ರೆ ಮಾಡಿದಂತೆಯೇ ಸರಿ.

ಹೊರಡುವಾಗ ವಿನೋಬಾ ಕೊಟ್ಟ ಬುದ್ಧಿಮಾತು ಎರಡು. ಮೊದಲನೆಯದು, ಕೈಯಲ್ಲಿ ಬಿಡಿಗಾಸೂ ಇರಬಾರದು. ಕಾಸಿದ್ದರೆ ದಣಿದ ಸಂಜೆ ನೇರ ಹೋಟೆಲಿಗೆ ಹೋಗಿ ಉಂಡು ಮಲಗುತ್ತೀರಿ. ಇಲ್ಲದಿದ್ದರೆ ಯಾರದಾದರೂ ಬಾಗಿಲು ತಟ್ಟಲೇಬೇಕು, ಮಾತಾಡಲೇಬೇಕು. ಎರಡನೆಯದು, ಸಸ್ಯಾಹಾರ. ಯಾಕೆ ತಿನ್ನುವುದಿಲ್ಲ ಎಂದು ಜನ ಕೇಳುತ್ತಾರೆ, ಅಲ್ಲಿಂದಲೇ ಶಾಂತಿಯ ಮಾತು ಶುರು. ಪರದೇಶದಲ್ಲಿ "ಐ ಆ್ಯಮ್ ವೆಜಿಟೇರಿಯನ್" ಎನ್ನಲು ಸಂಕೋಚಪಡುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಪಾಕಿಸ್ತಾನದ ಗಡಿಗೆ ಬಂದಾಗ ಗೆಳೆಯರು ಊಟದ ಪೊಟ್ಟಣ ತಂದು ಕೊಟ್ಟರು. ಶತ್ರು ದೇಶ, ಹಸಿದು ಸಾಯಬೇಡಿ ಎಂದು. ಇದು ಊಟದ ಪೊಟ್ಟಣವಲ್ಲ, ಅಪನಂಬಿಕೆಯ ಪೊಟ್ಟಣ ಎಂದು ಸತೀಶ್ ಹಿಂದಿರುಗಿಸಿಬಿಟ್ಟರು. ಗಡಿ ದಾಟಿದರೆ ಅಲ್ಲೊಬ್ಬ ಅಪರಿಚಿತ ಇವರಿಗಾಗಿಯೇ ಕಾದು ನಿಂತಿದ್ದ! ಪತ್ರಿಕೆಯಲ್ಲಿ ಇವರ ಸುದ್ದಿ ಓದಿ, ಲಾಹೋರಿನ ತನ್ನ ಮನೆಗೆ ಕರೆಯಲು ಬಂದಿದ್ದನಂತೆ.

ಮುಂದೆ ಅಫ್ಘಾನಿಸ್ತಾನ, ಇರಾನ್, ಅರ್ಮೇನಿಯಾ. ಜಾರ್ಜಿಯಾದಲ್ಲಿ ಚಹಾ ಕಾರ್ಖಾನೆಯ ಇಬ್ಬರು ಹೆಂಗಸರು ಕರೆದು ಚಹಾ ಕೊಟ್ಟರು. ಇವರ ಉದ್ದೇಶ ಕೇಳಿದ ಒಬ್ಬಾಕೆ ಓಡಿಹೋಗಿ ನಾಲ್ಕು ಪೊಟ್ಟಣ ಚಹಾ ತಂದಳು. ನಾಲ್ಕು ದೇಶದ ನಾಯಕರಿಗೆ ಒಂದೊಂದು ಕೊಡಿ, ಬಾಂಬಿನ ಗುಂಡಿ ಒತ್ತುವ ಹುಚ್ಚು ಹತ್ತಿದಾಗ ಮೊದಲು ಒಂದು ಲೋಟ ಚಹಾ ಕುಡಿಯಲಿ ಎಂದಳಂತೆ. ಆ ಪೊಟ್ಟಣಗಳು ನಾಲ್ಕು ರಾಜಧಾನಿಗಳನ್ನೂ ಸೇರಿದವು. ಪ್ಯಾರಿಸ್ಸಿನಲ್ಲಿ ಜೈಲೂ ಆಯಿತು, ಲಂಡನ್ನಿನ ಬಳಿಕ ರಸೆಲ್ಲರ ಭೇಟಿಯೂ ಆಯಿತು. ಅಟ್ಲಾಂಟಿಕ್ ದಾಟಿದ್ದು ಕ್ವೀನ್ ಮೇರಿ ಹಡಗಿನಲ್ಲಿ. ಸಮುದ್ರದ ಮೇಲೆ ನಡೆಯಲಾದೀತೇ! ವಾಷಿಂಗ್ಟನ್ ತಲುಪುವ ಹೊತ್ತಿಗೆ ಕೆನಡಿ ಕೊಲೆಯಾಗಿದ್ದರು. ಗಾಂಧಿ ಸಮಾಧಿಯಿಂದ ಹೊರಟ ಯಾತ್ರೆ ಕೆನಡಿ ಸಮಾಧಿಯಲ್ಲಿ ಮುಗಿಯಿತು. ಮುಂದೆ ಸತೀಶ್ 1973ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿ 'ರಿಸರ್ಜೆನ್ಸ್' ಪತ್ರಿಕೆಯ ಸಂಪಾದಕರಾದರು. ಮೆನನ್ ಬೆಂಗಳೂರಿಗೇ ಮರಳಿದರು.

ನೀವೂ ಬರಿಗೈಯಲ್ಲಿ ಹೋಗಿ ಎಂದು ನಾನು ಹೇಳುತ್ತಿಲ್ಲ, ನಿಮ್ಮ ಅಮ್ಮಂದಿರು ನನ್ನನ್ನು ಬಿಟ್ಟಾರೆಯೇ? ಹುಡುಗಿಯರು ಎಲ್ಲಿದ್ದೇವೆಂದು ಮನೆಗೆ ತಿಳಿಸುತ್ತಿರಬೇಕು, ಪಾಸ್‌ಪೋರ್ಟು ಮೈಮೇಲೇ ಇರಬೇಕು, ಹೊಸ ಸ್ನೇಹಿತರ ಜೊತೆ ಮೊದಲ ದಿನ ಜನರಿರುವ ಕಡೆಯಷ್ಟೇ ಓಡಾಡಬೇಕು. ಆದರೆ ಒಂದು ಮಾತು. ಆ ಇಬ್ಬರಿಗೆ ಪ್ರತಿ ಸಂಜೆಯೂ ಇನ್ನೊಬ್ಬರ ಅಗತ್ಯವಿತ್ತು. ನಿಮಗೆ ದಾರಿ ಹೇಳಲು ಫೋನಿದೆ, ಊಟಕ್ಕೆ ಕಾರ್ಡಿದೆ, ಭಾಷೆಗೂ ಫೋನೇ ಇದೆ. ಯಾರನ್ನೂ ಏನೂ ಕೇಳಬೇಕಾಗಿಲ್ಲದವನ ಹತ್ತಿರ ಯಾರು ತಾನೇ ಬಂದಾರು? ಮ್ಯಾಪ್ ಇದ್ದರೂ ಒಮ್ಮೆ ದಾರಿ ಕೇಳಿ ನೋಡಿ. ಪಕ್ಕದ ಮಂಚದವರ ಹತ್ತಿರ ಒಂದು ಚಿಟಿಕೆ ಉಪ್ಪು ಕೇಳಿ.

ಚೀಲದಲ್ಲಿ ಚಟ್ನಿಪುಡಿ ಪೊಟ್ಟಣ ಇರಲಿ, ಒಬ್ಬರೇ ತಿನ್ನಲಿಕ್ಕಲ್ಲ, ಹಾಸ್ಟೆಲಿನ ಊಟದ ಮೇಜಿನ ಮೇಲೆ ಬಿಚ್ಚಿಡಲಿಕ್ಕೆ. ಬೇಕಾದವರು ನನಗೆ ಒಂದು ವಾರ ಮೊದಲೇ ಹೇಳಿ. ಕೊಬ್ಬರಿ ತುರಿದು ಹುರಿಯಲು ಸಮಯ ಬೇಕು.