ಬಸವಕಲ್ಯಾಣ ಮತ್ತು ಹುಮನಾಬಾದಿನ ಸಂಗೀತ ಪರಂಪರೆ

ಬಸವಕಲ್ಯಾಣ ಮತ್ತು ಹುಮನಾಬಾದ್ ಕರ್ನಾಟಕದ ಬೀದರ್ ಜಿಲ್ಲೆಯ ಎರಡು ತಾಲ್ಲೂಕು ಕೇಂದ್ರಗಳು. ಭಾರತೀಯ ಸಂಗೀತದ ಇತಿಹಾಸದಲ್ಲಿ ಈ ಪ್ರದೇಶಕ್ಕೆ ಮೂರು ಕಾರಣಗಳಿಂದ ಮಹತ್ವವಿದೆ. ಕಲ್ಯಾಣದ ಚಾಲುಕ್ಯ ಅರಸರು 12ನೆಯ ಶತಮಾನದಲ್ಲಿ ಸಂಗೀತಶಾಸ್ತ್ರದ ಗ್ರಂಥಗಳನ್ನು ರಚಿಸಿದರು. ಅದೇ ಶತಮಾನದಲ್ಲಿ ಅದೇ ನಗರದಲ್ಲಿ ಶರಣರ ವಚನ ಚಳವಳಿ ನಡೆಯಿತು. 19ನೆಯ ಶತಮಾನದಲ್ಲಿ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನ ನೆಲೆಗೊಂಡು, ಅದರ ದರ್ಬಾರು ಗಾಯಕರಿಗೆ ಆಶ್ರಯವಾಯಿತು. ಇವೆಲ್ಲವೂ ಧ್ವನಿಮುದ್ರಣ ಯಂತ್ರ ಬರುವುದಕ್ಕೆ ಮುಂಚಿನ ಸಂಗತಿಗಳಾದುದರಿಂದ ಶಾಸ್ತ್ರವೂ ಸಾಹಿತ್ಯವೂ ಉಳಿದವು, ನಾದ ಉಳಿಯಲಿಲ್ಲ. ಈ ನೆಲದ ವಚನಗಳನ್ನು ಇಂದಿನ ಕೇಳುಗರು ಗುರುತಿಸುವುದು ಬಹುಮಟ್ಟಿಗೆ 20ನೆಯ ಶತಮಾನದ ಹಿಂದೂಸ್ತಾನಿ ಗಾಯಕರ ಕಂಠದ ಮೂಲಕ.

ಆಸ್ಥಾನದ ಗ್ರಂಥಗಳು

ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ 1127–1138) ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಿರುವ ಈ ಕೃತಿಯಲ್ಲಿ ರಾಜನೀತಿ, ಪಾಕಶಾಸ್ತ್ರ, ಆನೆಗಳ ಪಾಲನೆ ಮುಂತಾದ ವಿಷಯಗಳ ಜೊತೆಗೆ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳೂ ಸೇರಿವೆ. ಇಲ್ಲಿ ಸಂಗೀತವು ಅರಸನ ‘ವಿನೋದ’ಗಳಲ್ಲಿ ಒಂದಾಗಿ ಬರುತ್ತದೆ ಎಂಬುದನ್ನು ಗಮನಿಸಬೇಕು. ಗ್ರಂಥಕಾರನೇ ಸಿಂಹಾಸನದಲ್ಲಿ ಕುಳಿತು ಕೇಳುವವನಾದ್ದರಿಂದ ಗಾಯನವನ್ನು ಸಭೆಯ ಕಡೆಯಿಂದ ನೋಡುವ ದೃಷ್ಟಿ ಇದರಲ್ಲಿದೆ. ಸೋಮೇಶ್ವರನ ಮಗ ಎರಡನೆಯ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ಬರೆದನು. ಮುಂದಿನ ಶತಮಾನದಲ್ಲಿ ದೇವಗಿರಿಯಲ್ಲಿ ‘ಸಂಗೀತ ರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ತನ್ನ ಪೂರ್ವಾಚಾರ್ಯರ ಪಟ್ಟಿಯಲ್ಲಿ ಈ ತಂದೆ ಮಕ್ಕಳಿಬ್ಬರನ್ನೂ ಹೆಸರಿಸಿದ್ದಾನೆ.

ವಚನ ಮತ್ತು ಸ್ವರವಚನ

ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದವರ ವಚನಗಳಿಗೆ ನಿಯತ ಛಂದಸ್ಸಿಲ್ಲ. ಸಾಲುಗಳ ಉದ್ದ ಒಂದೇ ಸಮನಾಗಿರುವುದಿಲ್ಲ; ಪಲ್ಲವಿ, ಚರಣ ಎಂಬ ವಿಭಾಗವೂ ಇಲ್ಲ. ಆದರೂ ಅವುಗಳಿಗೆ ಮಾತಿನ ಲಯವಿದೆ, ಕೊನೆಗೆ ಬಂದು ನಿಲ್ಲುವ ಅಂಕಿತವಿದೆ. ಇವಲ್ಲದೆ ಶರಣರು ಹಾಡುವುದಕ್ಕೆಂದೇ ರಚಿಸಿದ ಪಲ್ಲವಿಸಹಿತವಾದ ‘ಸ್ವರವಚನ’ಗಳೂ ಇದ್ದು, ಹಸ್ತಪ್ರತಿಗಳಲ್ಲಿ ಅವುಗಳಿಗೆ ರಾಗದ ಹೆಸರುಗಳನ್ನು ಸೂಚಿಸಿರುವುದುಂಟು. ಹೆಸರಿನಿಂದ ಹಾಡುವ ರೀತಿ ತಿಳಿಯುವುದಿಲ್ಲ. ಒಂದೇ ಹೆಸರಿನ ರಾಗ ಶತಮಾನಗಳಲ್ಲಿ ಸ್ವರಗಳನ್ನೇ ಬದಲಿಸಿಕೊಂಡ ಉದಾಹರಣೆಗಳು ಭಾರತೀಯ ಸಂಗೀತದಲ್ಲಿ ಸಾಕಷ್ಟಿವೆ.

ಕಲ್ಯಾಣದ ಕ್ರಾಂತಿಯ ನಂತರ ಶರಣರು ಚದುರಿಹೋದರು. ವಚನಗಳು ಓಲೆಗರಿಗಳಲ್ಲಿ ಉಳಿದುಕೊಂಡವು. ಫ. ಗು. ಹಳಕಟ್ಟಿಯವರು (1880–1964) ಅವುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಸಂಗೀತಗಾರರ ಕೈಗೆ ವಚನದ ಪಠ್ಯ ಸುಲಭವಾಗಿ ದೊರೆಯಲು ಈ ಮುದ್ರಣವೇ ದಾರಿ ಮಾಡಿತು.

ಮಾಣಿಕನಗರದ ದರ್ಬಾರು

ಮಾಣಿಕಪ್ರಭುಗಳು 1817ರ ದತ್ತಜಯಂತಿಯಂದು ಬಸವಕಲ್ಯಾಣ ಸಮೀಪದ ಲಾಡವಂತಿ ಗ್ರಾಮದಲ್ಲಿ ಜನಿಸಿದರು. 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿ ಹೊಂದಿದರು. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಅವರು ಎಲ್ಲ ಮತಗಳನ್ನೂ ಗೌರವಿಸುವ ‘ಸಕಲಮತ ಸಂಪ್ರದಾಯ’ವನ್ನು ಸ್ಥಾಪಿಸಿದರು. ಈ ಭಾಗ ಆಗ ಹೈದರಾಬಾದ್ ನಿಜಾಮನ ಆಡಳಿತದಲ್ಲಿತ್ತು. ಹಿಂದೂಗಳೂ ಮುಸ್ಲಿಮರೂ ಅವರ ಭಕ್ತರಾಗಿದ್ದರು. ಕನ್ನಡ, ಮರಾಠಿ ಮತ್ತು ಉರ್ದು ಒಟ್ಟಿಗೆ ಬಳಕೆಯಲ್ಲಿದ್ದ ಈ ಪರಿಸರಕ್ಕೆ ತಕ್ಕಂತೆ ಅವರ ಪದಗಳೂ ಒಂದೇ ಭಾಷೆಯಲ್ಲಿ ನಿಲ್ಲಲಿಲ್ಲ. ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಪ್ರಭುಗಳ ಪದಗಳ ಕೊನೆಯಲ್ಲಿ ‘ಮಾಣಿಕ’ ಎಂಬ ಅವರ ಹೆಸರೇ ಮುದ್ರೆಯಾಗಿ ಬರುತ್ತದೆ. ಪೀಠದ ಉತ್ತರಾಧಿಕಾರಿಗಳಾದ ಮಾರ್ತಾಂಡ ಮಾಣಿಕಪ್ರಭುಗಳು (1860–1936) ಸಹ ಪದಗಳನ್ನು ರಚಿಸಿದ್ದಾರೆ.

ಪ್ರತಿವರ್ಷ ಮಾರ್ಗಶಿರ ಮಾಸದ ದತ್ತಜಯಂತಿ ಉತ್ಸವದಲ್ಲಿ ಇಲ್ಲಿ ದರ್ಬಾರು ನಡೆಯುತ್ತದೆ. ಪೀಠಾಧಿಪತಿಗಳ ಸಮ್ಮುಖದಲ್ಲಿ ಸಲ್ಲಿಸುವ ಗಾಯನವನ್ನು ಇಲ್ಲಿ ‘ಸೇವೆ’ ಎಂದು ಭಾವಿಸಲಾಗುತ್ತದೆ. ಕಛೇರಿಗೂ ಸೇವೆಗೂ ಇರುವ ವ್ಯತ್ಯಾಸ ಬರಿಯ ಹೆಸರಿನದಲ್ಲ. ಟಿಕೆಟ್ಟಿನ ಸಭಾಂಗಣದಲ್ಲಿ ಗಾಯಕನು ಕೇಳುಗರ ನಿರೀಕ್ಷೆಯನ್ನು ಅಳೆಯುತ್ತಾ ಹೋಗಬೇಕಾಗುತ್ತದೆ. ದೇವಸನ್ನಿಧಿಯಲ್ಲಿ ಶಾಸ್ತ್ರ ಬಲ್ಲವರೂ ಬಲ್ಲದವರೂ ಒಟ್ಟಿಗೆ ಕುಳಿತಿರುತ್ತಾರೆ, ಗಾಯನ ಎಷ್ಟು ಹೊತ್ತಿಗೆ ಮುಗಿಯಬೇಕೆಂಬ ಅವಸರವೂ ಕಡಿಮೆ. ರಾತ್ರಿಯ ರಾಗವನ್ನು ರಾತ್ರಿಯೇ, ಬೆಳಗಿನ ರಾಗವನ್ನು ಬೆಳಗಿನಲ್ಲೇ ಹಾಡುವ ಹಿಂದೂಸ್ತಾನಿ ಸಮಯನಿಯಮಕ್ಕೆ ಇಂತಹ ಅಹೋರಾತ್ರಿಯ ಸಭೆಗಳು ಸಹಜವಾಗಿ ಒಗ್ಗುತ್ತವೆ.

ಮೂರು ನಿಮಿಷದ ತಟ್ಟೆ

ಈ ಬಗೆಯ ಗಾಯನಕ್ಕೆ ನೇರ ವಿರುದ್ಧವಾದುದು ಗ್ರಾಮಫೋನ್. ಭಾರತದಲ್ಲಿ ಮೊದಲ ಪ್ರಸಿದ್ಧ ವಾಣಿಜ್ಯ ಧ್ವನಿಮುದ್ರಣಗಳು 1902ರಲ್ಲಿ ಕಲ್ಕತ್ತೆಯಲ್ಲಿ ನಡೆದವು. ಗೌಹರ್ ಜಾನ್ ಅಲ್ಲಿ ಹಾಡಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿದರು. ತಟ್ಟೆ ಯಾರದೆಂದು ಗುರುತಿಸಲು ವಿದೇಶಿ ತಂತ್ರಜ್ಞರಿಗೆ ಅದು ನೆರವಾಗುತ್ತಿತ್ತು. ತಮ್ಮ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದ ಅವರು 1930ರಲ್ಲಿ ಮೈಸೂರಿನಲ್ಲೇ ನಿಧನರಾದರು.

ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರರಿಂದ ಮೂರೂವರೆ ನಿಮಿಷದ ಸಂಗೀತ ಹಿಡಿಯುತ್ತಿತ್ತು. ವಿಲಂಬಿತ ಖಯಾಲಿನ ಒಂದೆರಡು ಆವರ್ತನಗಳಿಗೇ ಅಷ್ಟು ಕಾಲ ಬೇಕಾಗುವುದುಂಟು. ಹೀಗಾಗಿ ಆಲಾಪ ಎರಡು ಮೂರು ಸ್ವರಗುಚ್ಛಗಳಿಗೆ ಇಳಿಯಿತು, ದ್ರುತ ಬಂದಿಶ್ ಮುಂದೆ ಬಂತು, ತಾನುಗಳನ್ನು ಮೊದಲೇ ಲೆಕ್ಕಹಾಕಿ ಕೂರಿಸಬೇಕಾಯಿತು. 1920ರ ದಶಕದ ನಡುವಿನವರೆಗೆ ಮೈಕ್ರೊಫೋನ್ ಇರಲಿಲ್ಲ. ಗಾಯಕನು ಕಹಳೆಯಾಕಾರದ ಕೊಳವೆಯೊಳಗೆ ಬಾಯಿಟ್ಟಂತೆ ಕುಳಿತು ಜೋರಾಗಿ ಹಾಡಬೇಕಿತ್ತು. ತಾರಸ್ಥಾಯಿಗೆ ಏರುವಾಗ ಸ್ವಲ್ಪ ಹಿಂದೆ ಸರಿಯಬೇಕಿತ್ತು. ಮೇಣದ ಮೇಲೆ ಕೊರೆದುದನ್ನು ತಿದ್ದುವಂತಿರಲಿಲ್ಲ. ತಪ್ಪಿದರೆ ಹೊಸ ಮೇಣದಲ್ಲಿ ಮತ್ತೆ ಮೊದಲಿನಿಂದ ಹಾಡುವುದೊಂದೇ ದಾರಿ. ತಲೆದೂಗುವ, ‘ವ್ಹಾ’ ಎನ್ನುವ ಕೇಳುಗರಿಲ್ಲದ ಕೋಣೆಯಲ್ಲಿ ಇದೆಲ್ಲ ನಡೆಯುತ್ತಿತ್ತು. ಆಗಿನ ತಟ್ಟೆಗಳನ್ನು ಕೇಳಿ ಒಬ್ಬ ಗಾಯಕನ ಸಂಪೂರ್ಣ ಸಾಮರ್ಥ್ಯವನ್ನು ಅಳೆಯುವುದು ಸರಿಯಾಗಲಾರದು. ಆದರೆ ಆ ಇಕ್ಕಟ್ಟಿನಲ್ಲೂ ರಾಗದ ಮುಖಚರ್ಯೆಯನ್ನು ಒಂದೇ ಉಸಿರಿಗೆ ತೋರಿಸಬಲ್ಲವರ ತಟ್ಟೆಗಳು ಇಂದಿಗೂ ಪಾಠದಂತಿವೆ.

ಎಲ್ಲರೂ ಯಂತ್ರದ ಮುಂದೆ ಕೂರಲಿಲ್ಲ. ಜೈಪುರ–ಅತ್ರೌಲಿ ಘರಾಣೆಯ ಪ್ರವರ್ತಕ ಅಲ್ಲಾದಿಯಾ ಖಾನರು (1855–1946) ಗ್ರಾಮಫೋನ್ ಮನೆಮನೆಗೆ ತಲುಪಿದ ಕಾಲದಲ್ಲಿ ಬದುಕಿದ್ದರೂ ಅವರ ಕಂಠದ ಒಂದೂ ಧ್ವನಿಮುದ್ರಿಕೆ ಇಲ್ಲ. ಅವರ ಗಾಯನದ ಕಲ್ಪನೆ ಬರಬೇಕಾದರೆ ಶಿಷ್ಯಪರಂಪರೆಯನ್ನು ಕೇಳಬೇಕು. ಅವರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರರು ಆ ಪರಂಪರೆಯ ಕನ್ನಡದ ಕೊಂಡಿ.

ತಟ್ಟೆ ಕೆಲವರಿಗೆ ಗುರುವೂ ಆಯಿತು. ಬಾಲಕ ಭೀಮಸೇನ ಜೋಶಿಯವರು (1922–2011) ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ ಕಥೆ ಪ್ರಸಿದ್ಧವಾಗಿದೆ. ಗಂಗೂಬಾಯಿ ಹಾನಗಲ್ಲರ (1913–2009) ಆರಂಭದ ತಟ್ಟೆಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಆ ತಟ್ಟೆಗಳಲ್ಲಿರುವ ತೆಳುವಾದ ಧ್ವನಿಗೂ, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡಸಾದ ಅವರ ಪ್ರಸಿದ್ಧ ಕಂಠಕ್ಕೂ ಹೋಲಿಕೆಯೇ ಇಲ್ಲ.

ವಚನ ಗಾಯನ

ಕಲ್ಯಾಣದ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಪ್ರಚಾರಕ್ಕೆ ತಂದವರಲ್ಲಿ ಮಲ್ಲಿಕಾರ್ಜುನ ಮನಸೂರ (1910–1992), ಬಸವರಾಜ ರಾಜಗುರು ಮತ್ತು ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಪ್ರಮುಖರು. ಇವರಲ್ಲಿ ರಾಜಗುರು ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಮನಸೂರರು ನಾಟಕ ಕಂಪನಿಯಿಂದ ಬಂದು, ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, 1930ರ ದಶಕದಲ್ಲಿ ಎಚ್‌ಎಮ್‌ವಿ ತಟ್ಟೆಗಳಿಗೆ ಹಾಡಿದವರು. ಆ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ದುಡಿದರು.

ವಚನವನ್ನು ಹಾಡುವವನ ಮುಂದಿರುವ ತೊಡಕು ಖಯಾಲಿನದಕ್ಕಿಂತ ಬೇರೆ. ಬಂದಿಶ್‌ನಲ್ಲಿ ಮಾತು ಕಡಿಮೆ, ಅದನ್ನು ಎಳೆಯಬಹುದು, ಮುರಿಯಬಹುದು. ವಚನದ ಅರ್ಥವು ವಾಕ್ಯ ಪೂರ್ಣವಾದ ಮೇಲೆ ಮಾತ್ರ ಹೊಳೆಯುವುದರಿಂದ ನಡುವೆ ದೀರ್ಘವಾದ ತಾನು ಹಾಕಿದರೆ ಮಾತಿನ ಎಳೆ ಕಳಚುತ್ತದೆ. ಅದಕ್ಕಾಗಿ ಗಾಯಕರು ಸಾಮಾನ್ಯವಾಗಿ ಒಂದು ಸಾಲನ್ನು ಪಲ್ಲವಿಯಂತೆ ಹಿಡಿದು ಮರಳಿ ಮರಳಿ ಬರುತ್ತಾರೆ; ಉಳಿದ ಸಾಲುಗಳನ್ನು ಮಾತಿಗೆ ಹತ್ತಿರವಾಗಿ ನುಡಿದು, ವಿಸ್ತಾರವನ್ನು ಅಂಕಿತದ ಬಳಿ ಇಡುತ್ತಾರೆ. ವಚನ ಚಿಕ್ಕದಾದುದರಿಂದ ಮೂರು ನಿಮಿಷದ ತಟ್ಟೆಗೆ ಖಯಾಲಿಗಿಂತ ಚೆನ್ನಾಗಿ ಹೊಂದಿತು. ಕಛೇರಿಯಲ್ಲಿ ಅದಕ್ಕೆ ದೊರೆತ ಸ್ಥಾನ ಕೊನೆಯ ಭಾಗದ್ದು: ಎರಡು ಮೂರು ಗಂಟೆಯ ರಾಗವಿಸ್ತಾರ ಮುಗಿದ ಮೇಲೆ ಮರಾಠಿ ಗಾಯಕರು ಅಭಂಗ ಹಾಡುವ ಜಾಗದಲ್ಲಿ ಕನ್ನಡದ ಗಾಯಕರು ವಚನವನ್ನೋ ದಾಸರ ಪದವನ್ನೋ ಹಾಡುತ್ತಾರೆ.

ಇದರಿಂದ ಒಂದು ಪರಿಣಾಮವೂ ಆಗಿದೆ. ಧ್ವನಿಮುದ್ರಿತವಾದ ಧಾಟಿಯೇ ಆ ವಚನದ ‘ಮೂಲ’ ಧಾಟಿ ಎಂದು ಕೇಳುಗರು ತಿಳಿಯುವಂತಾಯಿತು. ಇವು ಆಧುನಿಕ ಸಂಯೋಜನೆಗಳು. 12ನೆಯ ಶತಮಾನದ ಗಾಯನಕ್ಕೆ ಸಾಕ್ಷ್ಯವಲ್ಲ. ಊರಿನ ಭಜನಾ ಮಂಡಳಿಗಳು ಬೇರೆ ಮಟ್ಟುಗಳಲ್ಲಿ ಹಾಡುತ್ತಿದ್ದ ಪದಗಳು ರೇಡಿಯೊ ಧಾಟಿಗೆ ತಿರುಗಿದಾಗ ಹಳೆಯ ಮಟ್ಟುಗಳು ಮರೆಗೆ ಸರಿಯುತ್ತವೆ.

ಆಕಾಶವಾಣಿ ಮತ್ತು ನಂತರ

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಬೀದರ್ ಸೇರಿದಂತೆ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಹತ್ತು ವರ್ಷಗಳ ನಂತರ, 1966ರಲ್ಲಿ, ಕಲಬುರಗಿ ಕೇಂದ್ರ ಪ್ರಾರಂಭವಾಯಿತು. ಬಾನುಲಿಯಲ್ಲಿ ಅರ್ಧ ಗಂಟೆ, ಒಂದು ಗಂಟೆಯ ಅವಧಿ ಸಿಕ್ಕಿದುದರಿಂದ ತಟ್ಟೆಯಲ್ಲಿ ಮೊಟಕಾಗಿದ್ದ ವಿಲಂಬಿತ ಮರಳಿ ಬಂತು. ಸುಮಾರು ಇಪ್ಪತ್ತು ನಿಮಿಷ ಹಿಡಿಯುವ ಎಲ್‌ಪಿ, ಅನಂತರದ ಕ್ಯಾಸೆಟ್ ಈ ಸಡಿಲಿಕೆಯನ್ನು ಮುಂದುವರಿಸಿದವು. ಕ್ಯಾಸೆಟ್ ಯಂತ್ರ ಅಗ್ಗವಾದ ಮೇಲೆ ಸಭಿಕರೇ ಕಛೇರಿಯನ್ನು ದಾಖಲಿಸತೊಡಗಿದರು. ಇಂತಹ ದಾಖಲೆಗಳಲ್ಲಿ ಕೆಮ್ಮು, ತಬಲಾ ಶ್ರುತಿ ಮಾಡುವ ಸುತ್ತಿಗೆಯ ಸದ್ದು, ನಡುನಡುವಿನ ಮೆಚ್ಚುಗೆಯ ಮಾತು ಎಲ್ಲವೂ ಇರುತ್ತವೆ. ಸ್ಟುಡಿಯೊ ಮುದ್ರಣದಲ್ಲಿ ಸಿಗದ, ಸಭೆಗೆ ಸ್ಪಂದಿಸಿ ಬೆಳೆಯುವ ಗಾಯನ ಕೇಳಸಿಗುವುದೂ ಇವುಗಳಲ್ಲೇ.